ಚಪ್ಪಟೆ ತಲೆಯ ನಾಲ್ಕು ಪಿಸ್ಟನ್ನುಗಳು

ಇಂಜಿನ್ ಬಿಚ್ಚುವುದನ್ನು ಯಾರು ಬೇಕಾದರೂ ಆರು ತಿಂಗಳಲ್ಲಿ ಕಲಿಯಬಹುದು. ಜೋಡಿಸುವುದನ್ನು ಎರಡು ಮೂರು ವರ್ಷದಲ್ಲಿ ಕಲಿಯಬಹುದು. ಬಿಚ್ಚಿ ಹರಡಿದ ಸಾಮಾನಿನಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಹೊಸದು ತರಬೇಕು ಎಂದು ಧೈರ್ಯವಾಗಿ ಹೇಳುವುದಕ್ಕೆ ನನಗೆ ಇಪ್ಪತ್ತು ವರ್ಷ ಹಿಡಿಯಿತು. ಆ ವಿದ್ಯೆ ಕೈಗೆ ಬಂತು ಎಂದುಕೊಂಡ ಮೇಲೆಯೇ ನಾನು ಜೀವನದ ದೊಡ್ಡ ತಪ್ಪು ಮಾಡಿದ್ದು.

ನನ್ನ ಹೆಸರು ಆಂಜಿನಪ್ಪ. ಎಸ್ಸೆಸ್ಸೆಲ್ಸಿ ಮುಗಿಸಿ ಚಿಕ್ಕಬಳ್ಳಾಪುರದ ಒಂದು ಶೆಡ್ಡಿಗೆ ಸೇರಿದೆ. ಹದಿನಾಲ್ಕು ವರ್ಷ ಅಲ್ಲಿ. ಆಮೇಲೆ ಚಿಂತಾಮಣಿಯಲ್ಲಿ ಸ್ವಂತ ಶೆಡ್ಡು ಹಾಕಿಕೊಂಡು ಇಪ್ಪತ್ತೇಳು ವರ್ಷ. ಮೊಣಕಾಲು ಮಾತು ಕೇಳದಾದಾಗ, ಎರಡು ವರ್ಷದ ಹಿಂದೆ, ಶಟರ್ ಎಳೆದೆ. ಈಗ ಐಟಿಐ ಮುಗಿಸಿದವರು ಟೀ ಅಂಗಡಿಯಲ್ಲಿ ನನ್ನನ್ನು ಹಿಡಿದುಕೊಂಡು, “ಅಂಕಲ್, ಟರ್ಬೋ ಇಂಜಿನ್ ಕಮ್ಮಿ ಬಜೆಟ್ಟಲ್ಲಿ ಕಟ್ಬೇಕು. ಯಾವ್ಯಾವ ಪಾರ್ಟ್ ಹೊಸದು ಹಾಕ್ಬೇಕು ಅಂತ ಒಂದ್ ಲಿಸ್ಟ್ ಬರ್ಕೊಡಿ” ಎನ್ನುತ್ತಾರೆ. ಬರೆಯಲು ಕೂತೆ. ಪಿಸ್ಟನ್ ಎನ್ನುವ ಸಾಲಿಗೆ ಬಂದಾಗ ಮುಂದೆ ಹೋಗಲಾಗಲಿಲ್ಲ. ಆ ಕಥೆ ಮುಚ್ಚಿಟ್ಟು ಬರೀ ಪಟ್ಟಿ ಕೊಟ್ಟರೆ ಪಟ್ಟಿಯೂ ಸುಳ್ಳೇ. ಅದಕ್ಕೆ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ನನಗೆ ಕೆಲಸ ಕಲಿಸಿದವರು ಚಿಕ್ಕಬಳ್ಳಾಪುರದ ಗೌಸ್ ಸಾಹೇಬರು. ನಾವೆಲ್ಲ ಉಸ್ತಾದ್ ಎನ್ನುತ್ತಿದ್ದೆವು. ಇಂಜಿನ್ ಬಿಚ್ಚಿದ ದಿನ ಅವರು ನೆಲದ ಮೇಲೆ ಮೂರು ಗೋಣಿಚೀಲ ಹಾಸಿಸುತ್ತಿದ್ದರು. ಒಂದರ ಮೇಲೆ ಉಳಿಯುವ ಸಾಮಾನು, ಒಂದರ ಮೇಲೆ ಬದಲಾಯಿಸುವ ಸಾಮಾನು, ಮೂರನೆಯದರ ಮೇಲೆ ಅನುಮಾನದ್ದು. ಮಾಲೀಕರನ್ನು ಕರೆಸಿ ಒಂದೊಂದನ್ನೂ ಕೈಗೆ ಕೊಟ್ಟು ತೋರಿಸುತ್ತಿದ್ದರು. ಕೆಲಸ ಮುಗಿದ ಮೇಲೆ ತೆಗೆದ ಹಳೆಯ ಸಾಮಾನನ್ನೆಲ್ಲ ಅದೇ ಗೋಣಿಯಲ್ಲಿ ಕಟ್ಟಿ ಗಾಡಿಯ ಡಿಕ್ಕಿಯಲ್ಲಿ ಇಡಿಸುತ್ತಿದ್ದರು. ಮಾಲೀಕರು ಬೇಡ ಎಂದರೂ ಬಿಡುತ್ತಿರಲಿಲ್ಲ.

“ಕೆಲ್ಸ ನಮ್ದು, ಕಬ್ಬಿಣ ಅವ್ರುದು. ತಗೊಂಡೋಗಿ ಬಾವೀಗ್ ಹಾಕ್ಕೊಳ್ಲಿ, ನಮಗೇನು?” ಎನ್ನುತ್ತಿದ್ದರು.

ಮೂರನೆಯ ವರ್ಷದಲ್ಲಿ ನಾನೊಂದು ಇಂಜಿನ್ನಿನ ಗಾಳಿಬಾಯಿಗೆ ಧೂಳು ಬೀಳದಿರಲಿ ಎಂದು ಬಟ್ಟೆ ತುರುಕಿ, ತೆಗೆಯುವುದನ್ನು ಮರೆತು ಜೋಡಿಸಿಬಿಟ್ಟೆ. ಸ್ಟಾರ್ಟ್ ಮಾಡಿದರೆ ಇಂಜಿನ್ನಿಗೆ ದಮ್ಮು ಬಂದಂತೆ ಕೆಮ್ಮು. ಉಸ್ತಾದ್ ಬಿಚ್ಚಿ, ಬಟ್ಟೆ ಎಳೆದು, ಎದುರಿಗಿದ್ದ ಮಾಲೀಕರಿಗೆ ತೋರಿಸಿ, “ನೋಡಿ ಸಾರ್, ಇದು ನಮ್ಮ ಆಂಜಿ ಕರ್ಚೀಪು. ತಪ್ಪು ನಮ್ದು, ನಾಳೆ ಬನ್ನಿ” ಎಂದರು. ಆ ಬಟ್ಟೆಯನ್ನು ಶೆಡ್ಡಿನ ಬಾಗಿಲಿಗೆ ಮೊಳೆ ಹೊಡೆದು ನೇತುಹಾಕಿದರು. ಬಂದವರಿಗೆಲ್ಲ ಅದೇ ಪರಿಚಯ. ನನಗೆ ಸಾಯುವಷ್ಟು ನಾಚಿಕೆಯಾಗಿತ್ತು. ಗಿರಾಕಿ ಮಾತ್ರ ಒಬ್ಬರೂ ಬಿಟ್ಟು ಹೋಗಲಿಲ್ಲ. ಆ ಎರಡನೆಯ ಮಾತನ್ನು ನಾನು ಆಗ ಗಮನಿಸಲಿಲ್ಲ.

ಚಿಂತಾಮಣಿಗೆ ಬಂದ ಮೇಲೆ ನನ್ನ ಕೈಗೆ ಹೆಸರು ಬಂತು. ಶಿಡ್ಲಘಟ್ಟಕ್ಕೆ ರೇಷ್ಮೆಗೂಡು ಸಾಗಿಸುವ ಒಂದು ಟರ್ಬೋ ವ್ಯಾನು ಏರು ಹತ್ತುತ್ತಿಲ್ಲ ಎಂದು ಮೂರು ಶೆಡ್ಡು ತಿರುಗಿ ಬಂದಿತ್ತು. ಎಲ್ಲರೂ ಇಂಜಿನ್ ಕಟ್ಟಬೇಕು ಎಂದಿದ್ದರು. ನಾನು ಗಾಳಿಯ ಕೊಳವೆ ಬಿಚ್ಚಿದೆ. ಗೂಡಿನ ನಯವಾದ ಎಳೆಗಳು ಧೂಳಿನ ಜೊತೆ ಸೇರಿ ಫಿಲ್ಟರಿನ ಮೇಲೆ ಕಂಬಳಿಯಂತೆ ಕೂತಿದ್ದವು. ಕಂಬಳಿ ಕಿತ್ತೆ, ಹೊಸ ಫಿಲ್ಟರ್ ಹಾಕಿದೆ, ವ್ಯಾನು ಓಡಿತು. ಹೊಸಬರಿಗೆ ನನ್ನ ಮೊದಲ ಮಾತು ಇದೇ: ಬಜೆಟ್ ಕಡಿಮೆ ಎನ್ನುವವರ ಇಂಜಿನ್ನನ್ನು ಬಿಚ್ಚುವ ಮೊದಲು, ಅದನ್ನು ಬಿಚ್ಚಲೇಬೇಕೇ ಎಂದು ನೋಡಿ.

ಇನ್ನು ಆ ಕಾರು.

ಪೆರೇಸಂದ್ರದ ಹತ್ತಿರ ಗುಲಾಬಿ ಬೆಳೆಯುವ ವೆಂಕಟರೆಡ್ಡಿ ಎಂಬುವರು ಏಳು ವರ್ಷದ ಹಿಂದೆ ಒಂದು ಹಳೆಯ ವಿದೇಶಿ ಕಾರು ಕೊಂಡುಕೊಂಡರು. ಅದಕ್ಕೆ ಸೂಪರ್‌ಚಾರ್ಜರ್ ಇತ್ತು. ಟರ್ಬೋ ಹೊಗೆಯ ಬಲದಿಂದ ತಿರುಗುತ್ತದೆ. ಇದು ಇಂಜಿನ್ನಿನದೇ ಬೆಲ್ಟಿನಿಂದ ತಿರುಗಿ, ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ನಾವು ಬ್ಲೋವರ್ ಎನ್ನುತ್ತೇವೆ. ಆಕ್ಸಿಲರೇಟರ್ ಒತ್ತಿದರೆ ಆ ಕಾರು ಸಣ್ಣಗೆ ಸಿಳ್ಳೆ ಹೊಡೆಯುತ್ತಿತ್ತು. ರೆಡ್ಡಿಯವರು ಕೊಂಡಿದ್ದೇ ಆ ಸಿಳ್ಳೆಗಾಗಿ. ಆರು ತಿಂಗಳಲ್ಲಿ ಸಿಳ್ಳೆಯ ಜೊತೆ ನೀಲಿ ಹೊಗೆಯೂ ಬರತೊಡಗಿತು.

“ಏಮಪ್ಪಾ ಮೇಸ್ತ್ರಿ, ಇದು ಬದುಕ್ತದಾ, ಇಲ್ಲ ಗುಜರಿಗೆ ಕಳ್ಸೋದಾ?” ಎಂದು ನನ್ನ ಶೆಡ್ಡಿಗೆ ತಂದರು. ಓಡಿಸಿಕೊಂಡು ಬಂದವನು ಅವರ ಡ್ರೈವರ್ ಮುನಿರಾಜು. ವಿದುರಾಶ್ವತ್ಥದ ಕಡೆಯವನು, ಹನ್ನೊಂದು ವರ್ಷದಿಂದ ಅವರಲ್ಲೇ ಇದ್ದ. ಮೊದಲು ಗೌರಿಬಿದನೂರಿನ ಸ್ಟ್ಯಾಂಡಿನಲ್ಲಿ ಬಾಡಿಗೆ ಗಾಡಿ ಓಡಿಸುತ್ತಿದ್ದವನು.

“ಬದುಕಿಸ್ತೀನಿ. ಬಜೆಟ್ ಎಷ್ಟು ಸ್ವಾಮಿ?” ಎಂದೆ.

“ಜಾಸ್ತಿ ಆಗೋದಿಲ್ಲ. ಗುಲಾಬಿ ರೇಟು ನೀನೇ ನೋಡ್ತಿದೀಯ. ಆದ್ರೆ ಹಾಕೋದು ಹೊಸದು ಹಾಕು. ಡಬ್ಬ ನಾನು ನೋಡ್ಬೇಕು.”

ಇಂಥ ಇಂಜಿನ್ನಿಗೆ ಕಡಿಮೆ ದುಡ್ಡಿನಲ್ಲಿ ಏನು ಹಾಕಬೇಕು ಎನ್ನುವುದನ್ನು ಈಗ ಯಾರು ಕೇಳಿದರೂ ನಿದ್ದೆಯಲ್ಲಿ ಹೇಳಬಲ್ಲೆ. ಬೇರಿಂಗ್, ರಿಂಗು, ಕನೆಕ್ಟಿಂಗ್ ರಾಡಿನ ಬೋಲ್ಟು, ಹೆಡ್ ಬೋಲ್ಟು, ಆಯಿಲ್ ಪಂಪು, ಕಂಪನಿಯದೇ ಉಕ್ಕಿನ ಹೆಡ್ ಗ್ಯಾಸ್ಕೆಟ್ಟು, ಬ್ಲೋವರಿನ ಬೆಲ್ಟು: ಇವು ಹೊಸದೇ ಆಗಬೇಕು, ಇಲ್ಲಿ ಚೌಕಾಸಿ ಬೇಡ. ಬೋಲ್ಟು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ ಎಂದು ಮತ್ತೆ ಹಾಕಬೇಡಿ, ಒಮ್ಮೆ ಬಿಗಿದದ್ದು ಒಳಗೊಳಗೇ ಎಳೆದುಕೊಂಡಿರುತ್ತದೆ. ದುಡ್ಡು ಉಳಿಸುವ ಜಾಗ ಬೇರೆ ಇದೆ. ಕ್ರ್ಯಾಂಕನ್ನು ಗ್ರೈಂಡ್ ಮಾಡಿಸಿ ಉಳಿಸಿಕೊಳ್ಳಬಹುದು. ವಾಲ್ವುಗಳನ್ನು ಕೈಯಲ್ಲೇ ಅರೆದು ಕೂರಿಸಬಹುದು. ಬ್ಲೋವರಿನ ಒಳಗಿನ ರೋಟರುಗಳು ಒಂದಕ್ಕೊಂದು ಉಜ್ಜಿಲ್ಲ ಎಂದರೆ ಅದರ ಬೇರಿಂಗು, ಆಯಿಲ್ ಬದಲಾಯಿಸಿದರೆ ಸಾಕು. ಅನುಮಾನದ ಗೋಣಿಯ ಮೇಲೆ ಉಳಿಯುವುದು ಪಿಸ್ಟನ್ನು ಒಂದೇ.

ಅವತ್ತೂ ಅದೇ ಉಳಿದಿತ್ತು. ನಾಲ್ಕು ಪಿಸ್ಟನ್ನುಗಳೂ ಗಟ್ಟಿಯಾಗಿದ್ದವು. ಸವೆದಿದ್ದು ಅವು ಓಡಾಡುವ ಸಿಲಿಂಡರಿನ ಗೋಡೆ. ಗೋಡೆಯನ್ನು ಕೊರೆದು ಅಗಲ ಮಾಡಿಸಿದರೆ ಒಂದು ಸೈಜು ದೊಡ್ಡ ಪಿಸ್ಟನ್ ಬೇಕು. ಬ್ಲೋವರ್ ಮಾಡೆಲ್ಲಿನ ದೊಡ್ಡ ಪಿಸ್ಟನ್ನು ಹೊರದೇಶದಿಂದ ಬರಬೇಕಿತ್ತು. ಎರಡು ತಿಂಗಳು ಕಾಯಬೇಕು, ರೆಡ್ಡಿಯವರ ಬಜೆಟ್ಟಿನ ಮುಕ್ಕಾಲು ಪಾಲು ಅದಕ್ಕೇ ಹೋಗುತ್ತಿತ್ತು.

ಬೆಂಗಳೂರಿಗೆ ಹೋದೆ. ಬಿಡಿಭಾಗದ ಅಂಗಡಿಯೊಂದರಲ್ಲಿ ಅದೇ ಕಂಪನಿಯ, ಬ್ಲೋವರ್ ಇಲ್ಲದ ಮಾಡೆಲ್ಲಿನ ಪಿಸ್ಟನ್ನುಗಳು ಇದ್ದವು. ಕಾಲು ಭಾಗ ಬೆಲೆ. ಅಂಗಡಿಯವನು ಒಂದನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದ.

“ಬ್ಲೋವರ್ ಗಾಡಿಗಾ? ಹಂಗಾದ್ರೆ ಬೇಡ ಸಾರ್. ಇದರ ತಲೆ ಚಪ್ಪಟೆ ನೋಡಿ. ಅದರದ್ದು ಬಟ್ಟಲ ಥರ ಇರ್ತದೆ.”

“ಸೈಜ್ ಒಂದೇ, ಪಿನ್ ಒಂದೇ. ಮೂವತ್ತು ವರ್ಷದಿಂದ ಇಂಜಿನ್ ಕಟ್ತಿದೀನಿ, ಕೊಡಪ್ಪ.”

“ಕಟ್ಟೋರು ನೀವು, ಓಡ್ಸೋರು ಇನ್ಯಾರೋ. ನಂಗೇನು,” ಎಂದು ಕಟ್ಟಿಕೊಟ್ಟ.

ಅವನು ಹೇಳಿದ್ದರ ಅರ್ಥ ನನಗೆ ಗೊತ್ತಿತ್ತು. ಬ್ಲೋವರ್ ಗಾಳಿಯನ್ನು ಮೊದಲೇ ಒತ್ತಿ ಕಳಿಸುತ್ತದೆ. ಅದಕ್ಕೆ ಜಾಗ ಇರಲಿ ಎಂದೇ ಪಿಸ್ಟನ್ನಿನ ತಲೆಯಲ್ಲಿ ತಗ್ಗು ಮಾಡಿರುತ್ತಾರೆ. ಚಪ್ಪಟೆ ತಲೆ ಹಾಕಿದರೆ ಜಾಗ ಸಾಲದೆ, ಭಾರ ಬಿದ್ದಾಗ ಪೆಟ್ರೋಲು ಕಿಡಿಗೆ ಕಾಯದೆ ತಾನೇ ಹೊತ್ತಿಕೊಂಡು ಪಿಸ್ಟನ್ನಿನ ಮೇಲೆ ಸುತ್ತಿಗೆಯಂತೆ ಬಡಿಯುತ್ತದೆ. ಗೊತ್ತಿದ್ದೂ, ಕಿಡಿ ಹಾರುವ ಟೈಮಿಂಗ್ ಸ್ವಲ್ಪ ಹಿಂದಕ್ಕೆ ಇಟ್ಟರೆ ತಡೆಯುತ್ತದೆ, ರೆಡ್ಡಿಯವರೇನು ರೇಸಿಗೆ ಹೋಗುತ್ತಾರೆಯೇ ಎಂದುಕೊಂಡೆ. ಡಬ್ಬ ಹೊಸದಿತ್ತು. ರೆಡ್ಡಿಯವರು ಡಬ್ಬ ನೋಡಿ ತಲೆಯಾಡಿಸಿದರು.

ಕಾರು ಒಪ್ಪಿಸುವ ದಿನ ಹಳೆಯ ಸಾಮಾನನ್ನು ಗೋಣಿಯಲ್ಲಿ ಕಟ್ಟಿಕೊಟ್ಟೆ, ಆ ನಾಲ್ಕು ಹಳೆಯ ಪಿಸ್ಟನ್ನುಗಳನ್ನು ಬಿಟ್ಟು. ಹೊಸದನ್ನೂ ಹಳೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮಗುವಿಗೂ ವ್ಯತ್ಯಾಸ ಕಾಣುತ್ತಿತ್ತು. ಮುನಿರಾಜು ಗೋಣಿ ಎತ್ತಿದವನೇ ತೂಕದಲ್ಲೇ ಕಂಡುಹಿಡಿದ.

“ಅಣ್ಣ, ಇದ್ರಲ್ಲಿ ಪಿಸ್ಟನ್ ಇದ್ದಂಗಿಲ್ವಲ್ಲ?”

“ಗುಜರಿಯವನು ಬಂದಿದ್ದ, ಗೊತ್ತಿಲ್ದೆ ಹಾಕ್ಬಿಟ್ಟೆ ಕಣಪ್ಪ,” ಎಂದೆ. ಪಿಸ್ಟನ್ನುಗಳು ನನ್ನ ತಲೆಯ ಮೇಲಿನ ಅಟ್ಟದಲ್ಲಿದ್ದವು.

ಮೊದಲ ವಾರ ರೆಡ್ಡಿಯವರು ಫೋನು ಮಾಡಿ ಹೊಗಳಿದ್ದೇ ಹೊಗಳಿದ್ದು. ಗಾಡಿ ಮುಂಚೆಗಿಂತ ಚೆನ್ನಾಗಿ ಎಳೆಯುತ್ತಿದೆ ಎಂದರು. ಅದು ನಿಜವೇ. ಒತ್ತಡ ಹೆಚ್ಚಾದ ಇಂಜಿನ್ನು ಸಾಯುವ ಮೊದಲು ಚೆನ್ನಾಗಿ ಎಳೆಯುತ್ತದೆ.

ಮೂರನೆಯ ವಾರ ಮುನಿರಾಜು ಒಬ್ಬನೇ ಬಂದ. “ಅಣ್ಣ, ಏರು ಬಂದಾಗ ಒತ್ತಿದ್ರೆ ಒಳಗೆ ಡಬ್ಬೀಲಿ ಗೋಲಿ ಅಲ್ಲಾಡಿಸ್ದಂಗೆ ಸದ್ದು ಬರ್ತದೆ.” ಪೆಟ್ರೋಲು ಸರಿಯಿಲ್ಲ, ಬೇರೆ ಬಂಕಿನಲ್ಲಿ ಹಾಕಿಸು ಎಂದೆ. ಹದಿನೈದು ದಿನ ಬಿಟ್ಟು ಮತ್ತೆ ಬಂದ. ಬಂಕು ಬದಲಾಯಿಸಿದರೂ ಸದ್ದು ಹೋಗಿರಲಿಲ್ಲ. ಈ ಸಲ ನಾನೇ ಸ್ಟೇರಿಂಗ್ ಹಿಡಿದು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಏರಿನ ರಸ್ತೆಗೆ ಹೋದೆ. ಸದ್ದು ಕೇಳಿಸಿತು. ವಾಪಸ್ಸು ಬಂದು ಇಂಜಿನ್ನಿನ ದೋಷ ಓದುವ ಸ್ಕ್ಯಾನರ್ ಹಾಕಿದೆ. ನಾನು ಕಲಿಯುವ ಕಾಲದಲ್ಲಿ ಉಸ್ತಾದ್ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು ಹಿಡಿಯನ್ನು ಕಿವಿಗಿಟ್ಟುಕೊಂಡು ಕೇಳುತ್ತಿದ್ದರು. ಕೇಳಿದ್ದನ್ನು ಅಳಿಸುವ ಉಪಾಯ ಅವರಿಗಿರಲಿಲ್ಲ. ಸ್ಕ್ಯಾನರಿನಲ್ಲಿ ಅದಿದೆ. ಇಂಜಿನ್ನಿನ ಒಳಗೆ ಬಡಿತ ಇದೆ ಎಂದು ಅದು ಬರೆದು ತೋರಿಸಿತು. ನಾನು ಅಳಿಸುವ ಗುಂಡಿ ಒತ್ತಿದೆ.

“ಹೊಸದಾಗಿ ಕಟ್ಟಿದ ಇಂಜಿನ್ನು, ಸ್ವಲ್ಪ ಸದ್ದು ಇರ್ತದೆ. ಓಡ್ಸಪ್ಪ, ಸರಿಹೋಗ್ತದೆ,” ಎಂದೆ.

“ನೀವು ಹೇಳಿದ್ ಮೇಲೆ ಸರಿ ಅಣ್ಣ,” ಎಂದು ಅವನು ಹೋದ.

ಅದಾಗಿ ತಿಂಗಳು ತುಂಬುವ ಮೊದಲು, ರೆಡ್ಡಿಯವರು ಕಾರಿನಲ್ಲಿ ಕೂತಿದ್ದಾಗಲೇ, ಪೆರೇಸಂದ್ರ ದಾಟಿದ ಮೇಲೆ ಹೈವೇಯಲ್ಲಿ ಕಾರು ಹೊಗೆ ಉಗುಳಿ ನಿಂತಿತು. ಮಾರನೆಯ ದಿನ ಬೆಳಿಗ್ಗೆ ಶೆಡ್ಡಿನಲ್ಲಿ ಬಿಚ್ಚಿದೆ. ಮೂರನೆಯ ಪಿಸ್ಟನ್ನಿನ ಅಂಚು ಒಡೆದು ತೂತು ಬಿದ್ದಿತ್ತು. ರೆಡ್ಡಿಯವರಿದ್ದರು, ಮುನಿರಾಜು ಇದ್ದ. ಬೇರೆ ಕೆಲಸಕ್ಕೆ ಗಾಡಿ ತಂದಿದ್ದ ಗೌರಿಬಿದನೂರು ಸ್ಟ್ಯಾಂಡಿನ ಗಂಗಣ್ಣ ಎಂಬ ಡ್ರೈವರೂ, ಅವನ ಜೊತೆಯವನೂ ಬಗ್ಗಿ ನೋಡುತ್ತಿದ್ದರು.

“ಏನಾಗಿದ್ದು ಮೇಸ್ತ್ರಿ? ನಿನ್ನ ಕೆಲ್ಸಾನಾ, ಸಾಮಾನಾ?” ಎಂದು ರೆಡ್ಡಿಯವರು ಕೇಳಿದರು.

ಉತ್ತರ ಹೇಳಲು ನನಗೆ ಒಂದು ಕ್ಷಣವೂ ಹಿಡಿಯಲಿಲ್ಲ. ಇಪ್ಪತ್ತು ವರ್ಷದ ಹೆಸರು ನನ್ನ ಬಾಯಿಂದ ತಾನೇ ಮಾತಾಡಿತು. “ಎರಡೂ ಅಲ್ಲ ಸ್ವಾಮಿ. ಓಡ್ಸಿದ್ದು. ಏರಲ್ಲಿ ಗೇರ್ ಇಳಿಸ್ದೆ ಟಾಪಲ್ಲೇ ಒತ್ತಿದಾನೆ. ಕಾದು ಸುಟ್ಟದೆ.”

ಮುನಿರಾಜು ನನ್ನ ಮುಖ ನೋಡಿದ. “ಅಣ್ಣ, ಸದ್ದು ಬರ್ತದೆ ಅಂತ ಎರಡು ಸಲ ಬಂದು ಹೇಳಿದ್ನಲ್ಲ.”

“ಯಾವಾಗಪ್ಪ?” ಎಂದೆ.

ಇಷ್ಟೇ ನಾನು ಹೇಳಿದ್ದು. ನನ್ನ ಕಸುಬಿನಲ್ಲಿ ಮಾಡಿದ ತಪ್ಪುಗಳನ್ನೆಲ್ಲ ಒಂದು ತಕ್ಕಡಿಯಲ್ಲಿಟ್ಟು ಆ ಒಂದು ಮಾತನ್ನು ಇನ್ನೊಂದರಲ್ಲಿಟ್ಟರೆ ಆ ಮಾತೇ ತೂಗುತ್ತದೆ. ಮುನಿರಾಜು ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟ. ರೆಡ್ಡಿಯವರು ಅವನನ್ನು ಅಲ್ಲಿಂದಲೇ ಕೆಲಸ ಬಿಡಿಸಿ ಕಳಿಸಿದರು.

ಆಮೇಲೆ ನಾನು ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಸಿಲಿಂಡರನ್ನು ಕೊರೆಸಿ, ಒಳಗೆ ಹೊಸ ಸ್ಲೀವ್ ಒತ್ತಿಸಿ, ಗೋಡೆಯನ್ನು ಮೊದಲಿನ ಅಳತೆಗೇ ತಂದೆ. ಸ್ಲೀವ್ ಎಂದರೆ ಕಬ್ಬಿಣದ ತೆಳು ಕೊಳವೆ. ನಮ್ಮ ಊರಿನ ಲೇತ್‌ನವರೇ ಚೆನ್ನಾಗಿ ಹಾಕುತ್ತಾರೆ. ಅಳತೆ ಹಳೆಯದೇ ಆದ್ದರಿಂದ ಹಳೆಯ ಪಿಸ್ಟನ್ನುಗಳೇ ಸರಿಹೋದವು. ಅಟ್ಟದಿಂದ ಇಳಿಸಿ, ತೊಳೆದು, ಹೊಸ ರಿಂಗು ಹಾಕಿ ಕೂರಿಸಿದೆ. ಖರ್ಚು ಮೊದಲ ಸಲಕ್ಕಿಂತ ಕಡಿಮೆಯಾಯಿತು. ಬಜೆಟ್ ಇಂಜಿನ್ನಿನ ಗುಟ್ಟೇ ಇಷ್ಟು: ಅಗ್ಗದ ಹೊಸದಕ್ಕಿಂತ ಆ ಇಂಜಿನ್ನಿಗೆಂದೇ ಮಾಡಿದ ಹಳೆಯದು ಮೇಲು. ಅದನ್ನು ಉಳಿಸಿಕೊಳ್ಳುವ ದಾರಿ ಹುಡುಕಿ. ನಾನು ಡಬ್ಬಕ್ಕೆ ಮರುಳಾಗಿ ಹುಡುಕಲಿಲ್ಲ.

ಈ ಸಲ ಕಾರು ಮೂರು ವರ್ಷ ಚೂರೂ ಸದ್ದಿಲ್ಲದೆ ಓಡಿತು. ಓಡಿಸುತ್ತಿದ್ದವನು ಹೊಸ ಡ್ರೈವರ್. ನೋಡಿದವರೆಲ್ಲ ಏನು ತಿಳಿದುಕೊಂಡಿರಬೇಕು? ಡ್ರೈವರ್ ಬದಲಾದ, ಇಂಜಿನ್ ಸರಿಹೋಯಿತು. ನಾನು ಸರಿಯಾಗಿ ಮಾಡಿದ ಕೆಲಸವೇ ನನ್ನ ಸುಳ್ಳಿಗೆ ಸಾಕ್ಷಿಯಾಗಿ ನಿಂತಿತು. ಗಂಗಣ್ಣ ಕಂಡದ್ದನ್ನು ಸ್ಟ್ಯಾಂಡಿನಲ್ಲಿ ಹೇಳಿದ್ದ. ಇಂಜಿನ್ ಸುಟ್ಟ ಡ್ರೈವರ್ ಎಂದು ಮುನಿರಾಜುವಿಗೆ ಯಾರೂ ಗಾಡಿ ಕೊಡಲಿಲ್ಲ. ಅವನು ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸಕ್ಕೆ ಸೇರಿದ ಎಂದು ಕೇಳಿದೆ. ಕೇಳಿ, ಪಾನಾ ಕೈಗೆತ್ತಿಕೊಂಡು ಮುಂದಿನ ಗಾಡಿಗೆ ಬಗ್ಗಿದೆ.

ಶೆಡ್ಡು ಮುಚ್ಚಿದ ಮೇಲೆ ಬಗ್ಗಲು ಮುಂದಿನ ಗಾಡಿ ಇರಲಿಲ್ಲ. ಈ ಪಟ್ಟಿ ಬರೆಯಲು ಕೂತು ಪಿಸ್ಟನ್ನಿನ ಸಾಲಿನಲ್ಲಿ ನಿಂತೆ ಎಂದೆನಲ್ಲ, ಅದರ ಮಾರನೆಯ ದಿನ ಮೊದಲು ರೆಡ್ಡಿಯವರ ತೋಟಕ್ಕೆ ಹೋದೆ. ಅವರು ಹೂವಿನ ಕಟ್ಟು ಎಣಿಸುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ.

“ಕಾರು ಮಾರಿ ಎಷ್ಟೋ ಕಾಲ ಆಯ್ತು. ನನಗೀಗ ಹೇಳಿ ಏನಪ್ಪ ಮಾಡ್ಲಿ?” ಎಂದರು. ಇನ್ನೊಂದು ಕಟ್ಟು ಎತ್ತಿಟ್ಟು, “ಹನ್ನೊಂದು ವರ್ಷ ಇದ್ದೋನು ಆಂಜಿನಪ್ಪ. ಒಂದು ಮಾತು ಕೇಳ್ದೆ ಕಳ್ಸಿಬಿಟ್ಟೆ. ನೀನು ಹೇಳ್ದೆ ಅಂತ,” ಎಂದರು. ಮತ್ತೆ ನನ್ನ ಕಡೆ ತಿರುಗಲಿಲ್ಲ.

ಮುನಿರಾಜುವನ್ನು ಕಾರ್ಖಾನೆಯ ಗೇಟಿನಲ್ಲಿ, ಮಧ್ಯಾಹ್ನದ ಶಿಫ್ಟು ಬಿಡುವ ಹೊತ್ತಿಗೆ ಕಂಡೆ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನನ್ನನ್ನು ಗುರುತು ಹಿಡಿದ.

“ಏನಣ್ಣ ಇಷ್ಟು ದೂರ?”

“ತಪ್ಪು ಒಪ್ಕೊಂಡು ಹೋಗಣ ಅಂತ ಬಂದೆ ಮುನಿರಾಜು.”

ಅವನು ಟಿಫನ್ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. “ನನ್ ಹತ್ರ ಒಪ್ಕೊಂಡ್ರೆ ಏನ್ ಬಂತು? ನಂಗೆ ಗೊತ್ತಿರೋದೇ ಅಲ್ವಾ. ಗೊತ್ತಿಲ್ದೋರ ಹತ್ರ ಹೇಳಿ.”

“ಎಲ್ಲಿ ಹೇಳ್ಬೇಕು ಹೇಳು, ಬರ್ತೀನಿ.”

“ಭಾನುವಾರ ಬೆಳಿಗ್ಗೆ. ಸ್ಟ್ಯಾಂಡ್ ಹತ್ರ.”

ಭಾನುವಾರ ಗೌರಿಬಿದನೂರಿನ ಸ್ಟ್ಯಾಂಡಿನಲ್ಲಿ ಎಂಟೊಂಬತ್ತು ಡ್ರೈವರುಗಳು ಮರದ ಕೆಳಗೆ ಗಾಡಿಗೆ ಒರಗಿಕೊಂಡು ನಿಂತಿದ್ದರು. ಗಂಗಣ್ಣನೂ ಇದ್ದ. ಮುನಿರಾಜು ರಸ್ತೆಯ ಆ ಬದಿಯಲ್ಲಿ ಸ್ಕೂಟರ್ ನಿಲ್ಲಿಸಿ ಬಂದು, ಯಾರನ್ನೂ ಮಾತಾಡಿಸದೆ ನಿಂತ.

“ಏನ್ ಮೇಸ್ತ್ರಿ, ವೋಟು ಕೇಳೋಕ್ ಬಂದಂಗದೆ?” ಎಂದ ಗಂಗಣ್ಣ.

“ಒಂದು ಮಾತು ವಾಪಸ್ ತಗೊಳ್ಳೋಕ್ ಬಂದಿದೀನಿ ಗಂಗಣ್ಣ. ಅವತ್ತು ನನ್ ಶೆಡ್ಡಲ್ಲಿ ನೀನೂ ಇದ್ದೆ,” ಎಂದೆ. ಪಿಸ್ಟನ್ನಿನ ವಿಷಯ ಹೇಳಿದೆ. ಚಪ್ಪಟೆ ತಲೆ, ಬಟ್ಟಲು ತಲೆ ಎರಡನ್ನೂ ಬಿಡಿಸಿ ಹೇಳಿದೆ. ಡ್ರೈವರುಗಳಿಗೆ ಇದು ಹೆಚ್ಚು ವಿವರಿಸಬೇಕಾದ ಸಂಗತಿಯಲ್ಲ, ಅರ್ಧದಲ್ಲೇ ತಲೆಯಾಡಿಸಿದರು. ಗೋಣಿಚೀಲದ ಸುಳ್ಳನ್ನೂ ಹೇಳಿದೆ. ಕೊನೆಗೆ, “ಸದ್ದು ಬರ್ತದೆ ಅಂತ ಮುನಿರಾಜು ಎರಡು ಸಲ ಬಂದು ಹೇಳಿದ್ದ. ಅದು ಯಾಕೆ ಬರ್ತದೆ ಅಂತ ನಂಗೆ ಆಗ ತಿಳೀಲಿಲ್ಲ,” ಎಂದೆ.

ಆ ಕೊನೆಯ ಮಾತು ಹೇಗೆ ಬಂತೋ ನನಗೇ ಗೊತ್ತಿಲ್ಲ. ಅಷ್ಟೊಂದು ಒಪ್ಪಿಕೊಂಡವನು ಅಷ್ಟನ್ನು ನನಗೆಂದು ಉಳಿಸಿಕೊಂಡೆ.

“ತಿಳ್ದಿತ್ತು ಅಣ್ಣ,” ಎಂದ ಮುನಿರಾಜು. ದನಿ ಎತ್ತಲಿಲ್ಲ. “ಆ ಏರಲ್ಲಿ ಸದ್ದು ಬಂದ್ ತಕ್ಷಣ ಆಕ್ಸಿಲೇಟರ್ ಮೇಲಿಂದ ಕಾಲು ಎತ್ಬಿಟ್ರಿ. ನಾನು ಪಕ್ಕದಲ್ಲೇ ಕೂತಿದ್ದೆ. ತಿಳೀದಿದ್ದೋರು ಕಾಲು ಎತ್ತಲ್ಲ. ಹಂಗೇ ಹೇಳಿ.”

ನನ್ನ ಕಾಲು ಹಾಗೆ ಎದ್ದಿದ್ದನ್ನು ನಾನೇ ಮರೆತಿದ್ದೆ. ಅವನು ಆರು ವರ್ಷ ನೆನಪಿಟ್ಟುಕೊಂಡಿದ್ದ.

“ತಿಳ್ದಿತ್ತು,” ಎಂದೆ. “ಸದ್ದು ಕೇಳಿದ ಕೂಡ್ಲೇ ತಿಳೀತು. ಇಂಜಿನ್ ಹೋಗ್ತದೆ ಅಂತ ತಿಳ್ದೂ ಓಡ್ಸು ಅಂದೆ. ಹೋದ್ ಮೇಲೆ ಇವನ ಮೇಲೆ ಹಾಕ್ದೆ. ಇವನು ಒಂದು ದಿನವೂ ತಪ್ಪಾಗಿ ಓಡ್ಸಿಲ್ಲ.”

ಗಂಗಣ್ಣ ನನ್ನ ಕಡೆ ನೋಡಲಿಲ್ಲ. ಜೇಬಿನಿಂದ ಗಾಡಿಯ ಕೀಲಿ ತೆಗೆದ. “ಮುನಿರಾಜು, ನನ್ ಗಾಡೀಲೂ ಎರಡು ದಿನದಿಂದ ಒಂದು ಸದ್ದು ಬರ್ತದೆ ಕಣಪ್ಪ. ನಾಲ್ಕು ಜನ ನಾಲ್ಕು ಥರ ಹೇಳ್ತಾರೆ. ಒಂದು ರೌಂಡು ಹೊಡ್ಕೊಂಡು ಬಂದು ಏನು ಅಂತ ಹೇಳ್ತೀಯಾ?”

ನಲವತ್ತೊಂದು ವರ್ಷ ಇಂಜಿನ್ ಕಟ್ಟಿದವನು ಗಂಗಣ್ಣನ ಎದುರಿಗೇ ನಿಂತಿದ್ದೆ. ಕೀಲಿ ನನ್ನನ್ನು ದಾಟಿಕೊಂಡು ಮುನಿರಾಜುವಿನ ಕೈಗೆ ಹೋಯಿತು.

ಮುನಿರಾಜು ಗಾಡಿಯಲ್ಲಿ ಕೂತು ಬಾಗಿಲು ಎಳೆದುಕೊಂಡ. ಸೀಟನ್ನು ತನ್ನ ಕಾಲಿಗೆ ತಕ್ಕಂತೆ ಸ್ವಲ್ಪ ಹಿಂದಕ್ಕೆ ಸರಿಸಿ, ಕನ್ನಡಿ ತಿರುಗಿಸಿ, ಸ್ಟಾರ್ಟ್ ಮಾಡಿ, ಕಿವಿಗೊಟ್ಟು ಕೇಳಿದ. ನಾನು ಗಾಡಿಯ ಮುಂದೆಯೇ ನಿಂತಿದ್ದೆ. ಅವನು ಹಾರ್ನ್ ಹೊಡೆಯಲಿಲ್ಲ, ಕಾದ. ನಾನು ದಾರಿ ಬಿಟ್ಟು ಪಕ್ಕಕ್ಕೆ ಸರಿದೆ.